ಒಳಗೆ ತೊಡುವ ಕೋಟು

ಮನೆಯಿಂದ ಹೊರಡುವಾಗ ಕೋಟು ತೊಡುವವರನ್ನು ಎಲ್ಲರೂ ಕಂಡಿದ್ದಾರೆ. ಹೊರಡುವಾಗ ಕೋಟು ಕಳಚಿ ಗೂಟಕ್ಕೆ ತೂಗುಹಾಕಿ, ಮರಳಿ ಬಂದು ಬಾಗಿಲು ಮುಚ್ಚಿದೊಡನೆಯೇ ಅದನ್ನು ತೊಟ್ಟು ಕುತ್ತಿಗೆಯವರೆಗೆ ಗುಂಡಿ ಹಾಕಿಕೊಳ್ಳುವ ಮನುಷ್ಯನೆಂದು ನಾನು ಕಂಡದ್ದು ಒಬ್ಬರನ್ನೇ. ಅವರು ನಮ್ಮ ಪಕ್ಕದ ಮನೆಯ ಕ್ಲಿಫರ್ಡ್ ಓರ್ಮರಾಡ್. ಲ್ಯಾಂಕಷೈರಿನ ಬೇಕಪ್ ಎಂಬ ಈ ಗುಡ್ಡದೂರಿನಲ್ಲಿ, ಭುಜಕ್ಕೆ ಭುಜ ಆನಿಸಿ ನಿಂತ ಕಲ್ಲುಮನೆಗಳ ಸಾಲಿನಲ್ಲಿ, ಅವರಿಗೂ ನಮಗೂ ನಡುವಿನ ಗೋಡೆ ಒಂದೇ. ನಾವು ದುಡ್ಡು ಕೊಟ್ಟು ಕಾಯಿಸಿದ ಗೋಡೆಯ ಬಿಸಿಯನ್ನು ಆ ಕಡೆಯಿಂದ ಅವರು ಪುಕ್ಕಟೆಯಾಗಿ ಅನುಭವಿಸುತ್ತಾರೆಂದು ನನ್ನ ಹೆಂಡತಿ ಮಂದಾಕಿನಿ ಬಹುಕಾಲದಿಂದ ಹೇಳುತ್ತ ಬಂದಿದ್ದಳು. ಒಮ್ಮೆ ಅದನ್ನು ಅವರೆದುರಿಗೇ ಹೇಳಿಬಿಟ್ಟಳು. ಅವರು ಸ್ವಲ್ಪವೂ ಅಳುಕದೆ ಒಪ್ಪಿಕೊಂಡು, ಅದಕ್ಕೇ ತಮ್ಮ ಆರಾಮಕುರ್ಚಿಯನ್ನು ಆ ಗೋಡೆಗೆ ಒತ್ತಿ ಹಾಕಿಕೊಂಡಿರುವುದಾಗಿ ತಿಳಿಸಿದರು.

ಕೋಟಾದರೂ ಎಂಥದು! ಊರಿನ ಬಸ್ ಕಂಪನಿ ತನ್ನ ಕಂಡಕ್ಟರುಗಳಿಗೆ ಕೊಡುತ್ತಿದ್ದ ಕಡುನೀಲಿ ಉಣ್ಣೆಯ ಕೋಟು, ಮೊಣಕಾಲಿನಿಂದ ಕೆಳಗಿಳಿಯುವಷ್ಟು ಉದ್ದ, ಎತ್ತಿ ತೋಳ ಮೇಲೆ ಹಾಕಿಕೊಂಡರೆ ಎಳೆಗರುವಿನಷ್ಟು ಭಾರ. ಗುಂಡಿಗಳೆಲ್ಲ ಬೆಳ್ಳಿಬಣ್ಣದವು, ಒಂದು ಮಾತ್ರ ಬೆಲ್ಲದ ಬಣ್ಣದ್ದು. ಅದು ಎಂದೋ ತೀರಿಹೋದ ಅವರ ಹೆಂಡತಿ ಹಿಲ್ಡಾ ತನ್ನ ಉಡುಪಿನಿಂದ ಬಿಡಿಸಿ ಹೊಲಿದುಕೊಟ್ಟದ್ದು. ಇಷ್ಟು ಒಳ್ಳೆಯ ಕೋಟನ್ನು ಹೊರಗೆ ಏಕೆ ತೊಡುವುದಿಲ್ಲವೆಂದು ನಾನೊಮ್ಮೆ ಕೇಳಿದಾಗ ಅವರು ನನ್ನನ್ನು ಮರುಕದಿಂದ ನೋಡಿದರು.

"ಹೊರಗೆ ನಡೀತೀನಿ, ನಡೆದ್ರೆ ಮೈ ಬಿಸಿಯಾಗುತ್ತೆ. ಮನೇಲಿ ಸುಮ್ನೆ ಕೂತಿರ್ತೀನಿ. ಕೂತೋನಿಗೆ ತಾನೇ ಹುಡುಗಾ, ಕೋಟು ಬೇಕಾಗೋದು?"

ಅರವತ್ತು ದಾಟಿ, ಆಸ್ಪತ್ರೆಯ ಔಷಧಾಲಯದ ಕೆಲಸದಿಂದ ನಿವೃತ್ತನಾಗಿ, ತಲೆಯೆಲ್ಲ ಬೆಳ್ಳಗಾಗಿದ್ದ ನಾನು ಅವರಿಗೆ ಎಂದೆಂದಿಗೂ ಹುಡುಗನೇ. ಆ ವಾದಕ್ಕೆ ಎದುರುವಾದ ನನಗೆ ಇಂದಿಗೂ ಹೊಳೆದಿಲ್ಲ.

ಅವರ ನಡಿಗೆಯನ್ನು ನೋಡಿದರೆ ಅವರ ಕಸುಬು ತಾನಾಗಿ ತಿಳಿಯುತ್ತಿತ್ತು. ಕಾಲುಗಳನ್ನು ಅಗಲಿಸಿ, ಮೊಣಕಾಲನ್ನು ತುಸು ಬಾಗಿಸಿ, ಕೆಳಗಿನ ನೆಲ ಯಾವ ಗಳಿಗೆಯಲ್ಲಾದರೂ ಮುಂದಕ್ಕೆ ಜಗ್ಗೀತೆಂಬ ಎಚ್ಚರದಲ್ಲಿ ಅವರು ಹೆಜ್ಜೆಯಿಡುತ್ತಿದ್ದರು. ಗುಡ್ಡದ ದಾರಿಯ ಬಸ್ಸಿನಲ್ಲಿ ಯೌವನವನ್ನೆಲ್ಲ ನಿಂತೇ ಕಳೆದವರಿಗೆ ಅಲುಗಾಡದ ನೆಲದ ಮೇಲೆ ಕೊನೆಗೂ ಪೂರ್ತಿ ನಂಬಿಕೆ ಬರಲಿಲ್ಲವೆಂದು ಕಾಣುತ್ತದೆ. ಮಾತಿನಲ್ಲಿಯೂ ಬಸ್ಸು ಅವರನ್ನು ಬಿಟ್ಟಿರಲಿಲ್ಲ. ಅಂಗಡಿಯಲ್ಲಿ ಒಳ್ಳೆಯ ಶೂ ಕಂಡರೂ, ವೈದ್ಯರು ಕಣ್ಣಿನ ಪೊರೆ ತೆಗೆಸಿಕೊಳ್ಳಲು ದಿನ ಕೊಟ್ಟರೂ, ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿ, "ಏನವಸರ? ಇನ್ನೊಂದು ಬಂದೇ ಬರುತ್ತೆ" ಎನ್ನುತ್ತಿದ್ದರು. ಒಂದು ಬಸ್ಸು ತಪ್ಪಿದರೆ ಹಿಂದೆಯೇ ಮತ್ತೊಂದು ಬರುತ್ತದೆಂದು ಪ್ರಯಾಣಿಕರಿಗೆ ದಿನವೂ ಸಮಾಧಾನ ಹೇಳುತ್ತ ಹೇಳುತ್ತ, ಆ ಸಮಾಧಾನವೇ ಅವರ ತತ್ವಜ್ಞಾನವಾಗಿಬಿಟ್ಟಿತ್ತು.

ಇಂಥವರು ನಮ್ಮ ಬೀದಿಗೆಲ್ಲ ದರದ ಜೋಯಿಸರಾದದ್ದು ಒಂದು ವಿಚಿತ್ರ. ಇಲ್ಲಿ ಮನೆ ಕಾಯಿಸುವ ಗ್ಯಾಸಿನ, ಕರೆಂಟಿನ ದರವನ್ನು ಒಂದು ವರ್ಷಕ್ಕೋ ಎರಡು ವರ್ಷಕ್ಕೋ ಕಂಪನಿಯವರೊಡನೆ ಮಾತಾಡಿ ಫಿಕ್ಸ್ ಮಾಡಿಸಿಕೊಳ್ಳಬಹುದು; ಮಾಡಿಸದಿದ್ದರೆ ಪೇಟೆ ಏರಿದಂತೆ ಏರಬೇಕು, ಇಳಿದಂತೆ ಇಳಿಯಬೇಕು. ಮಾಡಿಸಿದ ಮೇಲೆ ದರ ಇಳಿದರೆ ಹೊಟ್ಟೆಯುರಿ, ಮಾಡಿಸದೆ ಏರಿದರೆ ಎದೆಯುರಿ. ಹಳೆಯ ಒಪ್ಪಂದದ ಗಡುವು ಸಮೀಪಿಸುತ್ತಿದ್ದಂತೆ ಈ ಊರಿನ ಜನ ಹವಾಮಾನದ ಮಾತನ್ನೂ ಬಿಟ್ಟು ಇದನ್ನೇ ಚರ್ಚಿಸುತ್ತಾರೆ. ಕ್ಷೌರದಂಗಡಿಯಲ್ಲಿ, ಚರ್ಚಿನ ಚಹಾಕೂಟದಲ್ಲಿ, ಹುಲ್ಲುಹಾಸಿನ ಮೇಲೆ ಚೆಂಡುರುಳಿಸುವ ಬೌಲ್ಸ್ ಕ್ಲಬ್ಬಿನ ಬೆಂಚಿನ ಮೇಲೆ. ಆ ಬೆಂಚಿನ ತುದಿಯಲ್ಲಿ ಕೂತ ಕ್ಲಿಫರ್ಡರು ದಿನಪತ್ರಿಕೆಯನ್ನು ಮೊದಲಕ್ಷರದಿಂದ ಕೊನೆಯಕ್ಷರದವರೆಗೆ ಓದಿ, ಯಾವ ಸಮುದ್ರದಲ್ಲಿ ಯಾವ ಹಡಗು ನಿಂತಿದೆ, ಯಾವ ದೊರೆ ಯಾರ ಮೇಲೆ ಮುನಿದಿದ್ದಾನೆ ಎಂಬುದನ್ನೆಲ್ಲ ನೆನಪಿಟ್ಟುಕೊಂಡು, ಕೇಳಿದವರಿಗೆ ತಮ್ಮ ಅಭಿಪ್ರಾಯವನ್ನು ಒಂದೊಂದೇ ಶಬ್ದವಾಗಿ ಎಣಿಸಿ ಕೊಡುತ್ತಿದ್ದರು.

ಗ್ಯಾಸಿನ ದರ ಆಕಾಶಕ್ಕೇರಿದ ಆ ಕೆಟ್ಟ ವರ್ಷದ ಬೇಸಿಗೆಯಲ್ಲಿ, ಯಾರಿಗೂ ಸುಳಿವೇ ಇಲ್ಲದಿದ್ದಾಗ, ಅವರು ಮನೆಮನೆಗೂ ಹೋಗಿ ಫಿಕ್ಸ್ ಮಾಡಿಸಿಕೊಳ್ಳಿ ಎಂದು ಹೇಳಿಬಂದರು. ಬೀದಿಯೆಲ್ಲ ಮಾಡಿಸಿಕೊಂಡಿತು. ಚಳಿಗಾಲದ ಹೊತ್ತಿಗೆ ಉಳಿದ ಬೀದಿಗಳಲ್ಲಿ ಜನ ಕಂಬಳಿ ಹೊದ್ದು ಟೀವಿ ನೋಡುತ್ತಿದ್ದರೆ ನಮ್ಮ ಬೀದಿಯವರು ಬೆಚ್ಚಗೆ ಕೂತು ಅವರನ್ನು ಹರಸುತ್ತಿದ್ದರು. ಮಾಡಿಸಿಕೊಳ್ಳದೆ ಉಳಿದವರು ಒಬ್ಬರೇ, ಸ್ವತಃ ಕ್ಲಿಫರ್ಡ್. ಊರಿಗೆಲ್ಲ ಇದೇ ಬಸ್ಸು ಹತ್ತಿ ಎಂದು ಹೇಳಿ, ತಾವು ಮಾತ್ರ ಇದಕ್ಕಿಂತ ತುಸು ಅಗ್ಗದ ಇನ್ನೊಂದು ಬಂದೀತೆಂದು ನಿಂತೇ ಬಿಟ್ಟಿದ್ದರು. ಗೂಟದ ಮೇಲಿದ್ದ ಬಸ್ ಕಂಪನಿಯ ಕೋಟು ಮನೆಯೊಳಗೆ ಮೈಮೇಲೆ ಬಂದದ್ದು ಆ ಚಳಿಗಾಲದಲ್ಲಿ. ನಗಬೇಕೆಂದರೂ ಯಾರಿಗೂ ನಗಲು ಬಾಯಿ ಬರಲಿಲ್ಲ. ಎಲ್ಲರ ಅಂಗೈ ಬಿಸಿಯೂ ಅವರು ಕೊಟ್ಟದ್ದೇ ಆಗಿತ್ತು. ಸರದಿಯಂತೆ ಅವರವರು ಕುರಿಮಾಂಸ ಆಲೂಗಡ್ಡೆಗಳ ಹಾಟ್‌ಪಾಟ್ ಬೇಯಿಸಿ ಅವರ ಮನೆಗೆ ಕಳಿಸಿದರು. ಮಂದಾಕಿನಿ ಮೆಣಸಿನ ಸಾರು ಕಳಿಸಿದಳು. ಅದನ್ನು ಕುಡಿದ ಸಂಜೆ ಅವರು ಕೋಟಿನ ಮೇಲಿನ ಎರಡು ಗುಂಡಿ ಬಿಚ್ಚಿದ್ದನ್ನು ನಾನೇ ಕಂಡೆ.

ಇನ್ನು ಐವಿ ಟ್ಯಾಟರ್ಸಲ್ ಅವರ ವಿಷಯ ಹೇಳದೆ ಕ್ಲಿಫರ್ಡರ ಚಿತ್ರ ಪೂರ್ತಿಯಾಗದು. ಎದುರು ಸಾಲಿನ ಕೊನೆಯ ಮನೆ ಆಕೆಯದು. ಶಾಲೆಯ ಅಡುಗೆಮನೆಯಲ್ಲಿ ನೂರಾರು ಮಕ್ಕಳಿಗೆ ಬಡಿಸಿ ಬಂದ ಆಕೆಯ ದನಿ ಪಿಸುಗುಟ್ಟಿದರೂ ಬೀದಿಯ ತುದಿಗೆ ಕೇಳುತ್ತದೆ. ಗಂಡ ಹೋದ ಮೇಲೆ ಒಂಟಿಯಾಗಿದ್ದರೂ ಆಕೆಯ ಮನೆಯಲ್ಲಿ ಒಂಟಿತನಕ್ಕೆ ಕೂರಲು ಜಾಗವಿರಲಿಲ್ಲ. ಆ ಬೇಸಿಗೆಯಲ್ಲಿ ಕ್ಲಿಫರ್ಡರ ಮಾತಿನಂತೆ ಆಕೆಯೂ ಫಿಕ್ಸ್ ಮಾಡಿಸಿಕೊಂಡರು, ಆದರೆ ಫಿಕ್ಸ್ ಎಂದರೆ ಎಷ್ಟು ಉರಿಸಿದರೂ ಕೊಡಬೇಕಾದದ್ದು ಅಷ್ಟೇ ಎಂದು ತಿಳಿದುಕೊಂಡರು. ಬ್ಯಾಂಕಿನಿಂದ ತಿಂಗಳು ತಿಂಗಳೂ ಒಂದೇ ಮೊತ್ತ ಹೋಗುತ್ತಿದ್ದುದು ಆ ನಂಬಿಕೆಯನ್ನು ಗಟ್ಟಿ ಮಾಡಿತು. ಆ ಚಳಿಗಾಲವೆಲ್ಲ ಕೋಣೆಗಳನ್ನು ಬಿಸಿಮಾಡುವ ಆಕೆಯ ರೇಡಿಯೇಟರುಗಳು ಹಗಲೂ ರಾತ್ರಿಯೂ ಕಾದವು; ಸೆಕೆಯಾಯಿತೆಂದು ಕಿಟಕಿ ತೆರೆದಿರುತ್ತಿತ್ತು; ಹೊರಗೆ ಹಿಮ ಸುರಿಯುವಾಗ ಆಕೆ ಅರೆತೋಳಿನ ಅಂಗಿಯಲ್ಲಿ ಬಾಗಿಲಿಗೆ ಬರುತ್ತಿದ್ದರು. ಕ್ಲಿಫರ್ಡರು ಮಧ್ಯಾಹ್ನದ ಊಟ ಮುಗಿಸಿ ದಿನವೂ ಅಲ್ಲಿಗೆ ಹೋಗಿ, ಬರಿಯ ಅಂಗಿಯಲ್ಲಿ, ಶೂ ಕಳಚಿ, ಕಾಲುಚೀಲದ ಪಾದಗಳನ್ನು ರೇಡಿಯೇಟರಿನತ್ತ ಚಾಚಿ, ಕತ್ತಲಾಗುವವರೆಗೆ ಕೂತಿರುತ್ತಿದ್ದರು. ಅವರ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಮೊದಲು ಕಂಡಿರಲಿಲ್ಲ.

ವಸಂತದಲ್ಲಿ ಕಂಪನಿಯವರು ಮೀಟರು ನೋಡಿ, ಕಟ್ಟಿದ್ದಕ್ಕೂ ಉರಿಸಿದ್ದಕ್ಕೂ ತಾಳೆ ಹಾಕಿ, ಉಳಿದ ಬಾಕಿಯನ್ನೆಲ್ಲ ಒಟ್ಟಿಗೆ ಕೇಳಿದರು. ಐವಿ ಆ ಕಾಗದವನ್ನು ಹಿಡಿದು ಬೀದಿ ದಾಟಿ ಬಂದದ್ದನ್ನು ನಾನೂ ಮಂದಾಕಿನಿಯೂ ನಮ್ಮ ಹೊಸ್ತಿಲಲ್ಲಿ ನಿಂತು ನೋಡಿದೆವು. ಕ್ಲಿಫರ್ಡರು ಶಾಂತವಾಗಿ, ಫಿಕ್ಸ್ ಆಗುವುದು ಒಂದೊಂದು ಯೂನಿಟ್ಟಿನ ದರ ಮಾತ್ರ, ಬಿಲ್ಲು ಉರಿಸಿದಷ್ಟೂ ಬೆಳೆಯುತ್ತದೆ ಎಂದು ವಿವರಿಸಿದರು. ಐವಿಯ ಕಣ್ಣು ಸಣ್ಣದಾಯಿತು.

"ನಾನು ತಪ್ಪು ತಿಳ್ಕೊಂಡಿದೀನಿ ಅಂತ ನಿನಗೆ ಯಾವಾಗ ಗೊತ್ತಾಯ್ತು?"

"ಮೊದಲನೇ ದಿನಾನೇ. ಕಿಟಕಿ ತೆಗೆದಿತ್ತಲ್ಲ."

"ಚಳಿಗಾಲವೆಲ್ಲ ನನ್ನ ಕುರ್ಚೀಲಿ ಕಾಲು ಚಾಚ್ಕೊಂಡು ಕೂತಿದ್ದೆ. ಒಂದು ಮಾತು ಹೇಳೋಕೆ ಆಗ್ಲಿಲ್ವಾ ನಿನಗೆ?"

ಸುಳ್ಳು ಕ್ಲಿಫರ್ಡರಿಗೆ ಬರುತ್ತಿರಲಿಲ್ಲ. "ಬೆಚ್ಚಗಿತ್ತು ಐವಿ" ಎಂದರು.

ಆ ಬೇಸಿಗೆಯೆಲ್ಲ ಆಕೆ ಅವರೊಡನೆ ಮಾತು ಬಿಟ್ಟರು. ಅವರೇನೂ ಕ್ಷಮೆ ಕೇಳಲಿಲ್ಲ, ಅದು ಅವರ ಜಾಯಮಾನವಲ್ಲ. ಬದಲಿಗೆ ಒಂದು ದಿನ ಏಣಿ ಹೊತ್ತು ಆಕೆಯ ಮನೆಗೆ ಹೋಗಿ, ಕಿಟಕಿ ಬಾಗಿಲುಗಳ ಸಂದಿಗಳಿಗೆಲ್ಲ ಪಟ್ಟಿ ಬಡಿದು, ಅಟ್ಟದ ಮೇಲೆ ದಪ್ಪನೆಯ ಉಣ್ಣೆಹಾಸು ಹಾಸಿ, ಶೀತಗಾಳಿ ನುಸುಳುವ ಸೂಜಿಮೊನೆಯಷ್ಟು ಜಾಗವನ್ನೂ ಬಿಡದೆ ಮುಚ್ಚಿದರು. ಆಕೆ ಬಾಗಿಲು ತೆರೆದರು, ಚಹಾ ಕೊಟ್ಟರು, ಮಾತು ಕೊಡಲಿಲ್ಲ. ಎಲೆಯುದುರುವ ಕಾಲಕ್ಕೆ ಆಕೆಯ ಸಿಟ್ಟು ಇಳಿಯಿತಾದರೂ ಒಂದು ಶಿಕ್ಷೆಯನ್ನು ಮಾತ್ರ ಉಳಿಸಿಕೊಂಡರು: ಪ್ರತಿ ಶನಿವಾರ ಮಧ್ಯಾಹ್ನ ಚಹಾಕ್ಕೆ ಕ್ಲಿಫರ್ಡರ ಮನೆಗೆ ಬಂದು, ಕೋಟನ್ನಾಗಲಿ ಟೋಪಿಯನ್ನಾಗಲಿ ತೆಗೆಯದೆ ಕೂರುವುದು. ನಿನ್ನ ಮನೆಯಲ್ಲಿ ಕೋಟು ತೆಗೆಯುವ ಕಾಲ ಬಂದರೆ ತೆಗೆಯುತ್ತೇನೆ ಎನ್ನುತ್ತಿದ್ದರು. ಕೋಟು ತೊಟ್ಟ ಇಬ್ಬರು, ಬಾಯಿಂದ ಆವಿ ಬಿಡುತ್ತ, ಎದುರುಬದುರು ಕೂತು, ಬಸ್ಸಿಗೆ ಕಾಯುವವರಂತೆ ಚಹಾ ಕುಡಿಯುವ ಆ ದೃಶ್ಯ ವರ್ಷಗಟ್ಟಲೆ ನಡೆಯಿತು. ಈ ನಡುವೆ ದರವೂ ಇಳಿದಿತ್ತು, ಕ್ಲಿಫರ್ಡರೂ ಕೊನೆಗೊಮ್ಮೆ ಒಂದು ವರ್ಷಕ್ಕೆ ಫಿಕ್ಸ್ ಮಾಡಿಸಿಕೊಂಡಿದ್ದರು. ಕೋಟು ಮಾತ್ರ ಮೈಯಿಂದಿಳಿಯಲಿಲ್ಲ. ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವ ಅಕ್ಟೋಬರಿನ ಆ ಕೊನೆಯ ಭಾನುವಾರಕ್ಕೆ ಮುಂಚೆ ಹೀಟಿಂಗ್ ಹಾಕಬಾರದೆಂಬುದು ಅವರ ತಾಯಿಯ ಕಾಲದಿಂದ ಬಂದ ವ್ರತ. ಅದರ ನಂತರವೂ ಅವರು ಹಾಕುತ್ತಿದ್ದುದು ನೆಂಟರಿಗೆ ತುಪ್ಪ ಬಡಿಸುವ ಜಿಪುಣರ ಹಾಗೆ.

ಕಳೆದ ವರ್ಷ ಆ ಒಪ್ಪಂದದ ಗಡುವು ಮುಗಿಯುವ ತಿಂಗಳಲ್ಲೇ ಐವಿ ಒಂದು ಸುದ್ದಿ ತಂದರು. ದಕ್ಷಿಣದ ಬೋರ್ನ್‌ಮತ್‌ನಲ್ಲಿದ್ದ ಆಕೆಯ ತಂಗಿಯ ಮಗಳು, ತನ್ನ ಮನೆಯ ಹತ್ತಿರವೇ ಕಡಲು ಕಾಣುವ ಒಂದು ಸಣ್ಣ ಫ್ಲ್ಯಾಟು ಖಾಲಿಯಿದೆ, ಬಂದು ಇದ್ದುಬಿಡು ಎಂದು ಕರೆದಿದ್ದಳು. ಹೀಟಿಂಗು ಬಾಡಿಗೆಯಲ್ಲೇ ಸೇರಿದೆ ಎಂದು ಹೇಳುವಾಗ ಐವಿ ಕ್ಲಿಫರ್ಡರ ಮುಖವನ್ನೇ ನೋಡುತ್ತಿದ್ದರು. ಚಳಿಗಾಲ ಶುರುವಾಗುವ ಮೊದಲು ಉತ್ತರ ಕೊಡಬೇಕು. ಹೋದರೆ ಈ ಮನೆಯನ್ನು ಬಿಟ್ಟುಕೊಟ್ಟೇ ಹೋಗುವುದು. ನಾನು ಅಂದು ಅಲ್ಲಿಯೇ ಇದ್ದೆ. ಕ್ಲಿಫರ್ಡರು ಚಹಾದ ಬಟ್ಟಲನ್ನು ತಟ್ಟೆಯ ಮೇಲೆ ತಿರುಗಿಸಿ ತಿರುಗಿಸಿ, ಕೊನೆಗೆ ತಮ್ಮ ಎಂದಿನ ಮಾತನ್ನೇ ಆಡಿದರು. ಏನವಸರ?

ಐವಿ ಎದ್ದು ನಿಂತು ಕೈಚೀಲ ತೆಗೆದುಕೊಂಡರು.

"ಕಡೇ ಬಸ್ಸು ಅಂತಾನೂ ಒಂದಿರುತ್ತೆ ಕ್ಲಿಫರ್ಡ್. ಕಂಡಕ್ಟರಾಗಿದ್ದೋನು ನೀನು. ನಿನಗೆ ನಾನು ಹೇಳ್ಕೊಡಬೇಕಾ?"

ಅಂದಿನಿಂದ ಕ್ಲಿಫರ್ಡರು ಸಂಜೆಯಾದರೆ ನಮ್ಮ ಮನೆಗೆ ಬರತೊಡಗಿದರು. ದರವನ್ನು ಒಂದು ವರ್ಷಕ್ಕೆ ಫಿಕ್ಸ್ ಮಾಡಿಸುವುದೋ, ಎರಡು ವರ್ಷಕ್ಕೋ, ಅಥವಾ ಏನೂ ಮಾಡಿಸದೆ ಪೇಟೆಯ ದರಕ್ಕೆ ಬಿಟ್ಟುಬಿಡುವುದೋ? ಎರಡು ವರ್ಷದ್ದು ತುಸು ದುಬಾರಿ, ನಡುವೆ ಬಿಟ್ಟರೆ ದಂಡ ಬೇರೆ. ನಾನು ಔಷಧಿ ಅಳೆದ ಕೈಯಿಂದ ಶ್ರದ್ಧೆಯಾಗಿ ಲೆಕ್ಕ ಮಾಡಿ, ಪೇಟೆ ಇಳಿಯುವ ಸೂಚನೆಯಿದೆ, ಒಂದು ವರ್ಷವೂ ಹೆಚ್ಚೇ ಎಂದು ಹೇಳಿದೆ. ಅವರು ತಲೆಯಾಡಿಸಿ ಹೋಗಿ, ಮರುದಿನ ಅದೇ ಪ್ರಶ್ನೆ ಹಿಡಿದು ಬಂದರು. ಬೀದಿಗೆಲ್ಲ ಬುದ್ಧಿ ಹೇಳಿದ ಮನುಷ್ಯ ಹೀಗೆ ನನ್ನಂಥವನ ಬುದ್ಧಿ ಕೇಳುತ್ತ ಕೂತದ್ದು ನನಗೆ ಹೆಮ್ಮೆಯೆನಿಸಿ, ಇನ್ನಷ್ಟು ವಿವರವಾಗಿ ಅದೇ ಉತ್ತರ ಕೊಟ್ಟೆ. ಕೊನೆಗೊಂದು ಸಂಜೆ ಅವರು ನಮ್ಮ ಸೋಫಾದ ತುದಿಯಲ್ಲಿ ಕೂತು, ತಮ್ಮ ದೊಡ್ಡ ಕೈಗಳನ್ನು ನೋಡಿಕೊಳ್ಳುತ್ತ ಹೇಳಿದರು:

"ನನ್ನ ವಯಸ್ಸಲ್ಲಿ ಎರಡು ವರ್ಷಕ್ಕೆ ಮಾತು ಕೊಡೋದು ಅಹಂಕಾರ ಅನ್ಸಲ್ವಾ ಹುಡುಗಾ?"

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಂದಾಕಿನಿ ಕನ್ನಡದಲ್ಲಿ, "ಅವರು ಕೇಳ್ತಿರೋದು ಗ್ಯಾಸಿನ ವಿಷಯ ಅಲ್ಲ ಕಣ್ರೀ, ಅಷ್ಟೂ ತಿಳಿಯಲ್ವಾ ನಿಮಗೆ" ಎಂದಳು. ಏನೆಂದಳು ಎಂದು ಕ್ಲಿಫರ್ಡರು ಕೇಳಿದರು. ಎರಡು ವರ್ಷಕ್ಕೆ ಮಾಡಿಸಿ ಅನ್ನುತ್ತಿದ್ದಾಳೆ ಎಂದೆ. ಅವರು ಅವಳತ್ತ ನೋಡಿ, ತಲೆಯಾಡಿಸಿ ಎದ್ದುಹೋದರು. ನನಗೆ ಆ ರಾತ್ರಿ ನನ್ನ ಲೆಕ್ಕಗಳ ಮೇಲೆ ನಾಚಿಕೆಯಾಯಿತು.

ಮುಂದಿನ ಶನಿವಾರ ಅವರು ನನ್ನನ್ನು ಬರಹೇಳಿದರು. ಕಂಪನಿಗೆ ಫೋನು ಮಾಡಬೇಕು, ಕಣ್ಣಿಗೆ ಅಂಕಿಗಳು ಸರಿಯಾಗಿ ಕಾಣುವುದಿಲ್ಲ ಎಂಬುದು ನೆವ. ಹೋಗಿ ನೋಡಿದರೆ ಐವಿ ಆಗಲೇ ಬಂದಿದ್ದರು. ಕೋಟು, ಟೋಪಿ, ಮಡಿಲಲ್ಲಿ ಕೈಚೀಲ. ಮೇಜಿನ ಮೇಲೆ ಆಕೆ ತಂದಿದ್ದ ಶುಂಠಿಯ ಪಾರ್ಕಿನ್ ಕೇಕು ಕತ್ತರಿಸದೆ ಕೂತಿತ್ತು. ನಾಳೆ ತಂಗಿಯ ಮಗಳಿಗೆ ಉತ್ತರ ಹೇಳುವುದಾಗಿ ಆಕೆ ನನಗೆ ತಿಳಿಸಿದರು. ಏನು ಉತ್ತರವೆಂದು ಕೇಳುವ ಧೈರ್ಯ ನನಗೂ ಆಗಲಿಲ್ಲ. ಕ್ಲಿಫರ್ಡರಿಗೆ ಕಿವಿಯೂ ಮಂದವಾದ್ದರಿಂದ ಫೋನನ್ನು ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟೆ. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಈ ಸೀಮೆಯ ವಾಡಿಕೆಯಂತೆ ಎಲ್ಲರನ್ನೂ ‘ಲವ್’ ಎಂದು ಕರೆಯುವ ಒಬ್ಬ ಹುಡುಗಿ ಬಂದಳು. ಹೊಸ ಕಂಪನಿ, ಹೊಸ ಗಿರಾಕಿ. ಅವಳಿಗೆ ಎಲ್ಲವನ್ನೂ ಮೊದಲಿಂದ ಕೇಳಬೇಕಿತ್ತು. ಎಂಥ ಮನೆ? ಸಾಲುಮನೆ. ಮಲಗುವ ಕೋಣೆ? ಎರಡು. ತಾನಾಗಿ ಲೆಕ್ಕ ಕಳಿಸುವ ಹೊಸ ಮೀಟರಿದೆಯೇ? ಇಲ್ಲ, ಮೆಟ್ಟಿಲ ಕೆಳಗೆ ತೂರಿ ತಾವೇ ಓದಿಕೊಳ್ಳುವುದಾಗಿ ಅವರು ಸ್ವಲ್ಪ ಗರ್ವದಿಂದಲೇ ಹೇಳಿದರು. ಹಾಗಾದರೆ ಎಷ್ಟು ಉರಿಯುತ್ತದೆಂದು ಅಂದಾಜು ಮಾಡಬೇಕಾಗುತ್ತದೆ ಎಂದಳು ಹುಡುಗಿ.

"ಮನೇಲಿ ಎಷ್ಟು ಜನ ಇರ್ತೀರಾ, ಲವ್?"

ಕ್ಲಿಫರ್ಡರ ಬೆರಳು ಕೋಟಿನ ಮೇಲೆ ಆ ಬೆಲ್ಲದ ಬಣ್ಣದ ಗುಂಡಿಯನ್ನು ಹುಡುಕಿಕೊಂಡು ಹೋಗಿ ಅಲ್ಲಿಯೇ ನಿಂತಿತು. ಐವಿ ಕಿಟಕಿಯಾಚೆ ನೋಡುತ್ತಿದ್ದರು. ಹುಡುಗಿ, ಕೇಳಿಸುತ್ತಿದೆಯೇ ಎಂದು ವಿಚಾರಿಸಿದಳು.

"ಇಬ್ಬರು" ಎಂದರು ಕ್ಲಿಫರ್ಡ್.

ಹುಡುಗಿ ಅದನ್ನು ಬರೆದುಕೊಂಡ ಸದ್ದು ಕೇಳಿಸಿತು. ಇಬ್ಬರೂ ಹಗಲೆಲ್ಲ ಮನೆಯಲ್ಲೇ ಇರುವವರೋ ಎಂದು ಅವಳು ಮುಂದಿನ ಪ್ರಶ್ನೆ ಕೇಳಿದಳು. ಕ್ಲಿಫರ್ಡರು ಮೊದಲ ಬಾರಿಗೆ ತಲೆಯೆತ್ತಿ ಎದುರು ಕುರ್ಚಿಯ ಕಡೆ ನೋಡಿದರು. ಐವಿ ಕಿಟಕಿಯಿಂದ ಕಣ್ಣು ತಿರುಗಿಸಿ, ಫೋನಿನತ್ತ ಬಾಗಿ, ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಿದ್ದ ತಮ್ಮ ದನಿಯಲ್ಲಿ ಹೇಳಿದರು:

"ಇರ್ತೀವಿ. ನನಗೆ ಚಳಿ ಜಾಸ್ತಿ, ಅದನ್ನೂ ಬರ್ಕೋಮ್ಮ."

ಎರಡು ವರ್ಷಕ್ಕೆ ಫಿಕ್ಸ್ ಆಯಿತು. ನಾನು ಫೋನು ಇಟ್ಟೆ. ಕ್ಲಿಫರ್ಡರು ಎದ್ದು, ಓಡುವ ಬಸ್ಸಿನಲ್ಲಿ ನಡೆಯುವವರಂತೆ ಕಾಲಗಲಿಸಿ ನಡೆದುಹೋಗಿ, ಅಡುಗೆಮನೆಯ ಗೋಡೆಯ ಮೇಲಿನ ಹೀಟಿಂಗಿನ ಗುಂಡಿಯನ್ನು ತಿರುಗಿಸಿದರು. ಗಡಿಯಾರ ಹಿಂದಕ್ಕೆ ಹೋಗಲು ಇನ್ನೂ ಒಂದು ವಾರವಿತ್ತು. ಬಾಯ್ಲರು ಗೊರಗೊರ ಎಂದಿತು, ತಿಂಗಳುಗಟ್ಟಲೆ ತಣ್ಣಗಿದ್ದ ಕೊಳವೆಗಳು ಮನೆತುಂಬ ಟಣಟಣ ಬಡಿದುಕೊಂಡವು. ಐವಿ ಮೊದಲು ಟೋಪಿ ತೆಗೆದರು. ಸ್ವಲ್ಪ ಹೊತ್ತು ಬಿಟ್ಟು, ಪಾರ್ಕಿನ್ ಕತ್ತರಿಸಲೆಂದು ಎದ್ದಾಗ, ಕೋಟು. ಅದನ್ನು ಗೂಟಕ್ಕೆ ತೂಗುಹಾಕಲು ಹೋದ ಕ್ಲಿಫರ್ಡರು ತಮ್ಮದನ್ನೂ ಕಳಚಿ ಅದರ ಪಕ್ಕದಲ್ಲೇ ತೂಗುಹಾಕಿ ಬಂದರು. ನಾನು ಒಂದೇ ಒಂದು ತುಂಡು ಕೇಕು ತಿಂದು ಮನೆಗೆ ಬಂದೆ. ಆ ಸಂಜೆ ಮಂದಾಕಿನಿ ನಡುಗೋಡೆಯ ಮೇಲೆ ಅಂಗೈಯಿಟ್ಟು ನೋಡಿ ನನ್ನನ್ನು ಕರೆದಳು. ಗೋಡೆ ಆ ಕಡೆಯಿಂದ ಬೆಚ್ಚಗಾಗಿತ್ತು.

ಆ ಚಳಿಗಾಲದಲ್ಲಿ ನನ್ನ ಲೆಕ್ಕದಂತೆಯೇ ದರ ಇಳಿಯಿತು. ದರದ ಜೋಯಿಸರು ಕೈಯಾರೆ ದುಬಾರಿ ಬೆಲೆಗೆ ಕಟ್ಟಿಕೊಂಡು ಕೂತದ್ದನ್ನು ಬೌಲ್ಸ್ ಕ್ಲಬ್ಬಿನ ಬೆಂಚು ವಾರಗಟ್ಟಲೆ ಆಡಿಕೊಂಡು ನಕ್ಕಿತು. ದಂಡ ಕೊಟ್ಟಾದರೂ ಬಿಟ್ಟುಬಿಡಿ, ಲಾಭವಿದೆ ಎಂದು ಯಾರೋ ಸಲಹೆಯನ್ನೂ ಕೊಟ್ಟರು. ಅವರು ಪತ್ರಿಕೆಯ ಹಾಳೆ ತಿರುವಿ ಮುಗುಳ್ನಕ್ಕರು. ಇಂಥವರ ಒಂದು ಕುಲವೇ ಇದೆ. ಕಾಸಿಗೆ ಕಾಸು ಕೂಡಿಸುವವರೆಂದು, ಒಂದು ನಿರ್ಧಾರಕ್ಕೆ ಬಾರದವರೆಂದು ನಾವು ಅವರನ್ನು ಗೇಲಿ ಮಾಡುತ್ತೇವೆ. ನಿಜವಾಗಿ ಅವರು ಮನಸ್ಸಿನ ಮಾತನ್ನು ತಾವಾಗಿ ಎತ್ತಲಾರದೆ, ಯಾರಾದರೂ ಅಪರಿಚಿತರು ಅದನ್ನೊಂದು ಸಾಮಾನ್ಯ ಪ್ರಶ್ನೆಯಾಗಿ ಕೇಳುವ ತನಕ ಚಳಿಯಲ್ಲಿ ಕಾಯುತ್ತ ಕೂತವರು. ಕೇಳಿದ ದಿನ ಒಂದೇ ಶಬ್ದದಲ್ಲಿ ಉತ್ತರ ಕೊಡುತ್ತಾರೆ, ಆಮೇಲೆ ಲಾಭನಷ್ಟದ ಮಾತೆತ್ತುವುದಿಲ್ಲ. ಬದುಕೆಲ್ಲ ಇನ್ನೊಂದು ಬಸ್ಸಿಗೆಂದು ನಿಂತು ಕಾದವರು, ಕಡೆಯ ಬಸ್ಸು ಹತ್ತಿ ಕೂತ ಮೇಲೆ ಟಿಕೆಟ್ಟಿಗೆ ಎಷ್ಟಾಯಿತೆಂದು ಕೇಳುವುದಿಲ್ಲ.